ಮನೆ ಹಿಂದಿನ ಬರೆಗೆ ತಡೆಗೋಡೆ: ಮುರಕಲ್ಲೋ, ಕಾಂಕ್ರೀಟೋ?

ಪ್ರಶ್ನೆ:
ಮೇಡಂ, ನಮ್ಮದು ಪುತ್ತೂರಿನ ಹತ್ತಿರ 12 ಸೆಂಟ್ಸ್ ಜಾಗ, ಪೂರ್ತಿ ಇಳಿಜಾರು. ಮನೆ ಕಟ್ಟುವಾಗ ಜೆಸಿಬಿ ತರಿಸಿ ಗುಡ್ಡ ಕಡಿದು ಸಮತಟ್ಟು ಮಾಡಿದೆವು. ಈಗ ಅಡುಗೆಮನೆಯಿಂದ 5 ಅಡಿ ದೂರದಲ್ಲೇ 10 ಅಡಿ ಎತ್ತರದ ಬರೆ, ಅಂದರೆ ಕಡಿದ ಗುಡ್ಡದ ಮಣ್ಣಿನ ಮೈ, ನೆಟ್ಟಗೆ ನಿಂತಿದೆ. ಮೂರು ವರ್ಷದ ಹಿಂದೆ ಅದಕ್ಕೆ ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ ಕಟ್ಟಿಸಿ ಸಿಮೆಂಟ್ ಸಾರಣೆ ಮಾಡಿಸಿದ್ದೆ. ಕಳೆದ ಜುಲೈಯಲ್ಲಿ ಗೋಡೆಯ ನಡು ಉಬ್ಬಿತು, ಉದ್ದಕ್ಕೆ ಒಂದು ಬಿರುಕೂ ಬಂತು. ಕಂಟ್ರಾಕ್ಟರು ಕಾಂಕ್ರೀಟ್ ಗೋಡೆಯೇ ಆಗಬೇಕು ಅಂತಾರೆ. ಮೇಸ್ತ್ರಿ ಮುಂದಿನಿಂದ ಇನ್ನೊಂದು ಸಾಲು ಕಲ್ಲು ಕಟ್ಟಿದರೆ ಸಾಕು ಅಂತಾರೆ. ಯಾರ ಮಾತು ಕೇಳಲಿ? ಮಳೆ ಜೋರಾದ ರಾತ್ರಿ ಅಮ್ಮನಿಗೆ ನಿದ್ದೆ ಇಲ್ಲ.

ಉತ್ತರ:
ಮೊದಲು ಒಂದು ಪ್ರಶ್ನೆ. ಆ ಗೋಡೆಯಲ್ಲಿ ನೀರು ಹೊರಗೆ ಬರಲು ಪೈಪು ಇಟ್ಟಿದ್ದೀರಾ? ಇಲ್ಲ ಅಂತಲೇ ನನ್ನ ಅಂದಾಜು. ಸಾರಣೆ ಮಾಡಿ ಮುಚ್ಚಿದ ಗೋಡೆ ನಡುವಲ್ಲಿ ಉಬ್ಬಿದೆ ಅಂದರೆ ಹಿಂದೆ ನೀರು ನಿಂತಿದೆ. ಕಲ್ಲೋ ಕಾಂಕ್ರೀಟೋ ಅನ್ನುವುದು ಆಮೇಲಿನ ಮಾತು.

ಲೆಕ್ಕ ಹೇಳುತ್ತೇನೆ. 3 ಮೀಟರ್ ಎತ್ತರದ ಗೋಡೆ ಅಂತ ಇಟ್ಟುಕೊಳ್ಳಿ. ಹಿಂದಿನ ಮಣ್ಣು ಒಣಗಿದ್ದರೆ ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ ಸುಮಾರು 2.7 ಟನ್ ಒತ್ತಡ ಬೀಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ತುಂಬಿದರೆ ಒತ್ತಡ 5.8 ಟನ್ ದಾಟುತ್ತದೆ. ಅದರಲ್ಲಿ ನೀರಿನ ಪಾಲೇ ನಾಲ್ಕೂವರೆ ಟನ್. ಒಣ ಮಣ್ಣಿನ ಲೆಕ್ಕದಲ್ಲಿ ಕಟ್ಟಿದ ಗೋಡೆ, ಅದು ಕಾಂಕ್ರೀಟಿನದ್ದೇ ಆದರೂ, ಜುಲೈಯಲ್ಲಿ ನಿಲ್ಲುವುದಿಲ್ಲ. ಪಕ್ಕದ ಮನೆಯವರ 5 ಅಡಿ ಗೋಡೆ ಚೆನ್ನಾಗಿಯೇ ಇದೆಯಲ್ಲ ಅಂತಲೂ ಹೋಲಿಸಬೇಡಿ. ಎತ್ತರ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗೋಡೆಯನ್ನು ಮಗುಚುವ ಬಲ ಎಂಟು ಪಟ್ಟು.

ಆದ್ದರಿಂದ ಮೇಸ್ತ್ರಿ ಹೇಳಿದ ಇನ್ನೊಂದು ಸಾಲು ಬೇಡ. ಎರಡು ಸಾಲಿನ ನಡುವೆ ಹಿಡಿತ ಇರುವುದಿಲ್ಲ, ಮೊದಲನೆಯದು ಎರಡನೆಯದನ್ನೂ ತಳ್ಳಿಕೊಂಡು ಬರುತ್ತದೆ. ಕಲ್ಲಿನ ಗೋಡೆ ತನ್ನ ಭಾರದಿಂದಲೇ ನಿಲ್ಲಬೇಕು. 10 ಅಡಿ ಎತ್ತರಕ್ಕೆ ಬುಡದಲ್ಲಿ 5ರಿಂದ 6 ಅಡಿ ದಪ್ಪ ಬೇಕಾಗುತ್ತದೆ. ನಿಮ್ಮಲ್ಲಿ ಇರುವುದೇ 5 ಅಡಿ ಜಾಗ. ಹಾಗಾಗಿ ಆರ್‌ಸಿಸಿ (ಒಳಗೆ ಕಬ್ಬಿಣ ಹಾಕಿದ ಕಾಂಕ್ರೀಟ್) ವಿಷಯದಲ್ಲಿ ಕಂಟ್ರಾಕ್ಟರು ಹೇಳಿದ್ದು ಸರಿ. ಆದರೆ ಅದಕ್ಕೂ ಅಗಲವಾದ ಪಾದ ಬೇಕು, ಕಬ್ಬಿಣ ಎಲ್ಲಿ ಎಷ್ಟು ಅನ್ನುವ ಡ್ರಾಯಿಂಗ್ ಬೇಕು. ಜಾಗ ನೋಡಿದ ಎಂಜಿನಿಯರ್ ಕೈಯಿಂದಲೇ ಅದನ್ನು ಮಾಡಿಸಿ.

ನೀರಿಗೆ ದಾರಿ ಹೀಗೆ ಮಾಡಿ. ಗೋಡೆಯ ಹಿಂದೆ ಬುಡದಿಂದ ಮೇಲಿನವರೆಗೆ ಒಂದು ಅಡಿ ದಪ್ಪ ಜಲ್ಲಿ ತುಂಬಬೇಕು. ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅಂದರೆ ನೀರು ಬಿಟ್ಟು ಮಣ್ಣು ತಡೆಯುವ ಬಟ್ಟೆ, ಹಾಕಬೇಕು. ಬಟ್ಟೆ ಇಲ್ಲದಿದ್ದರೆ ಜಲ್ಲಿಯ ಸಂದಿಗೆ ಕೆಸರು ತುಂಬಿ ನೀರಿನ ದಾರಿ ಮುಚ್ಚುತ್ತದೆ. ಗೋಡೆಯಲ್ಲಿ 3 ಅಥವಾ 4 ಇಂಚಿನ ಪಿವಿಸಿ ಪೈಪು, 4ರಿಂದ 5 ಅಡಿಗೊಂದು, ಹೊರಗೆ ಸ್ವಲ್ಪ ಇಳಿಜಾರು. ಮೇಲಿನ ಸಾಲಿನ ಪೈಪು ಕೆಳಗಿನ ಎರಡರ ನಡುವೆ ಬರಲಿ. ಬರೆಯ ತಲೆಯಲ್ಲಿ ಸಿಮೆಂಟಿನ ಕಣಿ (ಚರಂಡಿ) ಮಾಡಿ ಗುಡ್ಡದಿಂದ ಬರುವ ನೀರನ್ನು ಬದಿಗೆ ತಿರುಗಿಸಿ. ಇಷ್ಟೂ ಗೋಡೆಯ ಭಾಗವೇ. ದುಡ್ಡು ಉಳಿಸುವಾಗ ಇದನ್ನೇ ಮೊದಲು ಕೈಬಿಡುತ್ತಾರೆ, ಅದು ನನಗೆ ತುಂಬಾ ಬೇಸರದ ವಿಷಯ.

ಮರುಪ್ರಶ್ನೆ:
ಪೈಪು ಇಟ್ಟಿಲ್ಲ ಮೇಡಂ, ಒಂದೂ ಇಲ್ಲ. ಈಗಿರುವ ಗೋಡೆಗೇ ತೂತು ಕೊರೆಸಿದರೆ ಆಗದಾ? ಮತ್ತೆ, ಬರೆಯ ಮೇಲೆ ನಮ್ಮದೇ ಒಂದು ಇಂಗುಗುಂಡಿ ಇದೆ.

ಉತ್ತರ:
ಇಂಗುಗುಂಡಿ ಬರೆಯಿಂದ ಎಷ್ಟು ದೂರ? ಹತ್ತಿರ ಇದ್ದರೆ ಈ ವಾರವೇ ಅದಕ್ಕೆ ಹೋಗುವ ನೀರು ನಿಲ್ಲಿಸಿ. ನೀರು ಇಂಗಿಸುವುದು ಒಳ್ಳೆಯ ಕೆಲಸ, ಆದರೆ ಗೋಡೆಯ ಬೆನ್ನಿಗೆ ಬೇಡ. ಪಾಯಿಖಾನೆಯ ಗುಂಡಿ ಮೇಲಿದ್ದರೂ ಇದೇ ಮಾತು.

ತೂತು ಕೊರೆದರೆ ನೀರು ಇಳಿದು ಒತ್ತಡ ಕಡಿಮೆ ಆಗುತ್ತದೆ, ಆದರೆ ಉಬ್ಬಿದ ಗೋಡೆ ಮತ್ತೆ ನೆಟ್ಟಗಾಗುವುದಿಲ್ಲ. ಹೊಸ ಗೋಡೆ ಆಗುವವರೆಗಿನ ಆಸರೆ ಅಷ್ಟೇ. ಬಿರುಕಿನ ಎರಡು ಬದಿಗೂ ಗುರುತು ಹಾಕಿ ವಾರಕ್ಕೊಮ್ಮೆ ಅಳೆಯಿರಿ. ಅಮ್ಮ ಮಲಗುವ ಕೋಣೆ ಹಿಂಬದಿಯಲ್ಲಿದ್ದರೆ ಮಳೆಗಾಲ ಮುಗಿಯುವವರೆಗೆ ಮುಂದಿನ ಕೋಣೆಗೆ ಬರಲಿ. ಅವರ ಭಯ ಸುಮ್ನೆ ಅಲ್ಲ.

ಇನ್ನೊಂದು. ಬರೆಯ ಬಣ್ಣ ಹೇಗಿದೆ? ಮೇಲೆ ಕೆಂಪು ಮುರ, ಕೆಳಗೆ ಬಿಳಿ ಅಥವಾ ನಸುಗುಲಾಬಿ, ಕೈಗೆ ನುಣ್ಣಗೆ ಹತ್ತುವ ಮಣ್ಣು ಇದ್ದರೆ ಅದು ಶೇಡಿ. ನಮ್ಮ ಜಿಲ್ಲೆಯ ಗುಡ್ಡಗಳಲ್ಲಿ ಮುರದ ಪದರದ ಅಡಿಯಲ್ಲಿ ಇದು ಸಾಮಾನ್ಯ. ಬೇಸಿಗೆಯಲ್ಲಿ ಕಲ್ಲಿನ ಹಾಗೆ ನಿಂತಿರುತ್ತದೆ, ನೀರು ತಾಗಿದರೆ ಕರಗುತ್ತದೆ. ಅದರ ಒಂದು ಒಣ ಹೆಂಟೆ ನೀರಿನ ಮಗ್ಗಿಗೆ ಹಾಕಿ ನೋಡಿ.

ಮಡಿಕೇರಿಯಿಂದ ಒಬ್ಬರು:
ನಮ್ಮಲ್ಲಿ 2018ರ ಆಗಸ್ಟ್‌ನ ಗುಡ್ಡ ಕುಸಿತ ನೋಡಿದ ಮೇಲೆ ಬರೆ ಅಂದರೆ ಹೆದರಿಕೆ. ಗೋಡೆಯ ಬದಲು ಲಾವಂಚ ನೆಟ್ಟರೆ ಆಗುತ್ತದಾ ಮೇಡಂ?

ಉತ್ತರ:
ಓರೆಯಾದ ಇಳಿಜಾರಿಗೆ ಲಾವಂಚ ತುಂಬಾ ಒಳ್ಳೆಯದು. ಬೇರು 2-3 ಮೀಟರ್ ನೇರ ಕೆಳಗೆ ಹೋಗಿ ಮೇಲ್ಮಣ್ಣು ಹಿಡಿಯುತ್ತದೆ. ನೆಟ್ಟಗೆ ಕಡಿದ ಬರೆಗೆ ಅದೊಂದೇ ಸಾಲದು, ಆಳದಲ್ಲಿ ಜಾರುವ ಗುಡ್ಡಕ್ಕಂತೂ ಅಲ್ಲವೇ ಅಲ್ಲ. ನೀವು ಇನ್ನೂ ಕಡಿದಿಲ್ಲ ಅಂದರೆ ಕಡಿಯಬೇಡಿ. ಜಾಗ ಇದ್ದರೆ ಮೆಟ್ಟಿಲು ಮೆಟ್ಟಿಲಾಗಿ ಮಾಡಿ, ಎರಡು ಗೋಡೆಗಳ ನಡುವೆ ಕೆಳಗಿನ ಗೋಡೆಯ ಎತ್ತರದ ಎರಡು ಪಟ್ಟು ಅಂತರ ಬಿಡಿ. ಹತ್ತಿರ ಕಟ್ಟಿದರೆ ಮೇಲಿನದರ ಭಾರ ಕೆಳಗಿನದರ ಮೇಲೆ ಬೀಳುತ್ತದೆ.

ಮೊದಲ ಪ್ರಶ್ನೆ ಕೇಳಿದವರು:
ಹೆಂಟೆ ಹಾಕಿದೆ. ಹತ್ತು ನಿಮಿಷದಲ್ಲಿ ಕರಗಿ ಅಂಬಲಿ ಆಯಿತು. ಇಂಗುಗುಂಡಿ 6 ಅಡಿ ದೂರ ಇದೆ, ಪೈಪು ಇವತ್ತೇ ತಿರುಗಿಸಿದೆ.

ಉತ್ತರ:
ಶೇಡಿಯೇ. ಹಾಗಾದರೆ ಪತ್ತನಾಜೆಯೊಳಗೆ, ಅಂದರೆ ಮಳೆಗಾಲಕ್ಕೆ ಮುಂಚೆ ಮೇ ಕೊನೆಯ ಹೊತ್ತಿಗೆ, ಗೋಡೆ ಎದ್ದಿರಬೇಕು, ಈಗಲೇ ಎಂಜಿನಿಯರನ್ನು ಕರೆಸಿ. ಒಂದು ಮಾತು ಜೆಸಿಬಿಯವರಿಗೂ ಮೇಸ್ತ್ರಿಗೂ ಗಟ್ಟಿಯಾಗಿ ಹೇಳಿ: ಹಳೆಯ ಗೋಡೆಯನ್ನು ಒಂದೇ ದಿನ ಪೂರ್ತಿ ಕೆಡವಬಾರದು, ಬರೆಯ ಬುಡವನ್ನು ಉದ್ದಕ್ಕೂ ಅಗೆಯಬಾರದು. 8-10 ಅಡಿ ತೆಗೆದು, ಅಷ್ಟು ಕಟ್ಟಿ ಮುಗಿಸಿ, ಆಮೇಲೆ ಮುಂದಿನದು. ಅಗೆದ ಗುಂಡಿಯೊಳಗೆ ಜನ ಇರುವಾಗ ಮೇಲೆ ಒಬ್ಬರು ಬರೆಯನ್ನೇ ನೋಡುತ್ತಾ ನಿಂತಿರಲಿ. ಮಳೆ ಬಂದರೆ ಅವತ್ತು ಕೆಲಸ ಬೇಡ.