ಅಮ್ಮನ ಹಾಡು ರೆಕಾರ್ಡ್ ಮಾಡಲು ಪಿಸಿ: ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕಾ?

ಸಾಗರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ ಈಗ 74 ವರ್ಷ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಸುವಾಗ ಹೇಳುವ ಪದ ಎಲ್ಲಾ ಬಾಯಲ್ಲೇ ಇವೆ. ಎಲ್ಲೂ ಬರೆದಿಟ್ಟಿಲ್ಲ. ಹಳೇ ಲ್ಯಾಪ್‌ಟಾಪಿಗೆ ಯುಎಸ್‌ಬಿ ಮೈಕು ಹಾಕಿ ಕೆಲವನ್ನು ರೆಕಾರ್ಡ್ ಮಾಡಿದೆ. ಅಮ್ಮನ ದನಿ ಸಣ್ಣದು. ಕೇಳಿದರೆ ಹಾಡಿಗಿಂತ ಫ್ಯಾನಿನ ಸದ್ದೇ ಜಾಸ್ತಿ. ನಡುನಡುವೆ ಟಪ್ ಟಪ್ ಅಂತ ಬೇರೆ ಬರುತ್ತದೆ.

ಅದಕ್ಕೇ ಬಿಡಿಭಾಗ ತಂದು ಹೊಸ ಪಿಸಿ ಜೋಡಿಸೋಣ ಅಂತಿದ್ದೇನೆ. ಎಲ್ಲಾ ಸೇರಿ 50,000 ರೂಪಾಯಿ ಇಟ್ಟಿದ್ದೇನೆ. ಒಂದು ಅಂಗಡಿಯಲ್ಲಿ ಗ್ರಾಫಿಕ್ಸ್ ಕಾರ್ಡ್, 32 ಜಿಬಿ ರ‍್ಯಾಮ್, ಬಣ್ಣದ ಲೈಟಿನ ಐದು ಫ್ಯಾನು ಅಂತ ಪಟ್ಟಿ ಬರೆದುಕೊಟ್ಟರು. ಆಮೇಲೆ ಮೈಕಿಗೆ, ಮೈಕುಗಳನ್ನು ಪಿಸಿಗೆ ಸೇರಿಸುವ ಪೆಟ್ಟಿಗೆ ಅಂದರೆ ಆಡಿಯೊ ಇಂಟರ್‌ಫೇಸಿಗೆ ದುಡ್ಡೇ ಉಳಿಯುವುದಿಲ್ಲ. ಅತ್ತಿಗೆ ಜೊತೆಗೆ ದನಿ ಕೂಡಿಸುತ್ತಾರೆ, ಹಾಗಾಗಿ ಬೇಕಿರುವುದು ಎರಡೇ ಮೈಕು. ಇಷ್ಟೆಲ್ಲಾ ಬೇಕಾ?

ಮೈಸೂರಿನ ವೀಣೆ

ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ. ರೆಕಾರ್ಡಿಂಗಿಗೆ ಅದರಿಂದ ಏನೂ ಸಿಗುವುದಿಲ್ಲ. ಸದ್ದು ಮಾಡುವ ಇನ್ನೆರಡು ಫ್ಯಾನು ಬರುತ್ತವೆ ಅಷ್ಟೇ.

ನಾನು ಮನೆಯಲ್ಲೇ ವೀಣೆ ರೆಕಾರ್ಡ್ ಮಾಡುತ್ತೇನೆ. ತಂತಿ ಮೀಟಿದ ಮೇಲೆ ನಾದ ಸಣ್ಣಗೆ ಕರಗುತ್ತಾ ಹೋಗುತ್ತದಲ್ಲ, ಫ್ಯಾನಿನ ಸದ್ದು ಅದನ್ನೇ ಮೊದಲು ನುಂಗುವುದು. ನಿಮ್ಮ ಅಮ್ಮನ ದನಿಗೂ ಅದೇ ಆಗುತ್ತಿದೆ. ಹಾಗಾಗಿ ನಿಮಗೆ ಬೇಕಿರುವುದು ಸದ್ದಿಲ್ಲದ ಪಿಸಿ. ವೇಗದ ಪಿಸಿ ಅಲ್ಲ.

ಪ್ರೊಸೆಸರ್ ಐ5 12400 ಅಥವಾ ರೈಜನ್ 5 5600ಜಿ ಸಾಕು. ಎರಡರಲ್ಲೂ 6 ಕೋರ್, ಗ್ರಾಫಿಕ್ಸ್ ಒಳಗೇ ಇದೆ. ಒಂದು ಎಚ್ಚರ: 12400ಎಫ್ ಅಂತ ಇನ್ನೊಂದು ಸಿಗುತ್ತದೆ. ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಮಾನಿಟರಿನಲ್ಲಿ ಏನೂ ಬರುವುದಿಲ್ಲ. ಡಬ್ಬದ ಮೇಲೆ ಎಫ್ ಇದೆಯಾ ನೋಡಿಯೇ ದುಡ್ಡು ಕೊಡಿ. ರ‍್ಯಾಮ್ 8 ಜಿಬಿಯ ಎರಡು ಹಾಕಿ.

ರೆಕಾರ್ಡಿಂಗ್ ಗುಣಮಟ್ಟ 24 ಬಿಟ್, 48 ಕಿಲೋಹರ್ಟ್ಸ್ ಇಟ್ಟರೆ ಒಂದು ಮೈಕಿಗೆ ನಿಮಿಷಕ್ಕೆ ಸುಮಾರು 8.6 ಎಂಬಿ ಆಗುತ್ತದೆ. ಎರಡು ಮೈಕಿನಲ್ಲಿ ಒಂದು ಗಂಟೆ ಹಾಡಿದರೂ 1 ಜಿಬಿ ಆಸುಪಾಸು. 500 ಜಿಬಿ ಎಸ್‌ಎಸ್‌ಡಿ ಧಾರಾಳ. ತಿರುಗುವ ಹಾರ್ಡ್ ಡಿಸ್ಕನ್ನು ಒಳಗೆ ಹಾಕಬೇಡಿ, ಅದೂ ಗುಂಯ್ ಅನ್ನುತ್ತದೆ. ಹೊರಗಿನದೊಂದು ಇಟ್ಟುಕೊಂಡು, ಹಾಡು ಮುಗಿದ ದಿನವೇ ನಕಲು ಮಾಡಿ. ಇದನ್ನು ಮಾತ್ರ ದಯವಿಟ್ಟು ಮುಂದೆ ಹಾಕಬೇಡಿ. ನಮ್ಮ ಗುರುಗಳು ನುಡಿಸಿದ ಒಂದು ಸಂಜೆ ಪೂರ್ತಿ ನನ್ನ ಕೈತಪ್ಪಿ ಹೋಗಿದೆ.

ಉಳಿದ ದುಡ್ಡಲ್ಲಿ ಪ್ರೊಸೆಸರಿಗೆ ಒಳ್ಳೆ ಕೂಲರ್, 140 ಮಿಲಿಮೀಟರಿನ ಎರಡು ಫ್ಯಾನ್ ತಗೊಳ್ಳಿ. ದೊಡ್ಡ ಫ್ಯಾನು ನಿಧಾನಕ್ಕೆ ತಿರುಗಿದರೂ ಸಾಕಷ್ಟು ಗಾಳಿ ಕೊಡುತ್ತದೆ. ಪಿಸಿ ಶುರುವಾಗುವಾಗ ಸಿಗುವ ಬಯೋಸ್ ಸೆಟ್ಟಿಂಗಿನಲ್ಲಿ ಅವುಗಳ ವೇಗ ಇಳಿಸಿಡಿ.

ಹುಬ್ಬಳ್ಳಿಯವ

ಟಪ್ ಟಪ್ ಸದ್ದು ಫ್ಯಾನಿನದಲ್ಲ ಸರ್. ಯಾವುದೋ ಡ್ರೈವರ್ (ಬಿಡಿಭಾಗವನ್ನು ನಡೆಸುವ ತಂತ್ರಾಂಶ) ಅಡ್ಡ ಬಂದು, ಆಡಿಯೊ ಹೊತ್ತಿಗೆ ಸರಿಯಾಗಿ ತಲುಪದಿದ್ದಾಗ ಹಾಗಾಗುತ್ತದೆ. ಅದು ಯಾವುದು ಅಂತ ಹುಡುಕಲು ಲೇಟೆನ್ಸಿಮಾನ್ ಅಂತ ತಂತ್ರಾಂಶ ಇದೆ, ಹಾಕಿ ನೋಡಿ. ಎಷ್ಟೋ ಸಲ ವೈಫೈ ಡ್ರೈವರೇ ಸಿಕ್ಕಿಬೀಳುತ್ತದೆ. ರೆಕಾರ್ಡ್ ಮಾಡುವಾಗ ವೈಫೈ ಆಫ್ ಮಾಡಿ. ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ತಗೊಳ್ಳುವ ಆಡಿಯೊ ತುಣುಕಿನ ಅಳತೆ, 512ಕ್ಕೆ ಇಡಿ. 128ಕ್ಕೆ ಇಳಿಸಿದರೆ 2.7 ಮಿಲಿಸೆಕೆಂಡಿಗೊಮ್ಮೆ ಕೆಲಸ ಮುಗಿಸಬೇಕು, ಹಳೇ ಲ್ಯಾಪ್‌ಟಾಪಿಗೆ ಅದು ಕಷ್ಟ. ಅಮ್ಮ ಹೆಡ್‌ಫೋನ್ ಹಾಕಿಕೊಂಡು ಹಾಡುವುದಿಲ್ಲ ಅಲ್ವಾ? ಬಫರ್ ದೊಡ್ಡದಾದರೆ ಹೆಡ್‌ಫೋನಿನಲ್ಲಿ ತನ್ನ ದನಿ ತಡವಾಗಿ ಕೇಳುತ್ತದೆ ಅಷ್ಟೇ. ಹಾಗಾದರೆ ಇಳಿಸುವ ಅಗತ್ಯವೇ ಇಲ್ಲ.

ಪಕ್ಕದ ಕೋಣೆ

ಕೊಳ್ಳುವ ಮೊದಲು ಒಂದು ಕೆಲಸ ಮಾಡಿ. ಲ್ಯಾಪ್‌ಟಾಪನ್ನು ಪಕ್ಕದ ಕೋಣೆಯಲ್ಲಿಡಿ, ಕೇಬಲ್ ಮಾತ್ರ ಈಚೆ ತನ್ನಿ, ಬಾಗಿಲು ಮುಚ್ಚಿ. ಯುಎಸ್‌ಬಿ ಕೇಬಲ್ 5 ಮೀಟರ್ ದಾಟಬಾರದು. ಮೈಕು ಬಾಯಿಂದ ಒಂದು ಗೇಣು ದೂರ ಇರಲಿ.

ಸಾಗರದಿಂದ

ಎಲ್ಲರೂ ಹೇಳಿದ ಹಾಗೆ ಮಾಡಿದೆ. ಲ್ಯಾಪ್‌ಟಾಪ್ ದೇವರ ಕೋಣೆಗೆ ಹೋಯಿತು, ವೈಫೈ ಆಫ್, ಫ್ರಿಜ್ಜೂ ಆಫ್. ಟಪ್ ಟಪ್ ನಿಂತಿತು. ಫ್ಯಾನಿನ ಸದ್ದು ಕಿವಿಗೊಟ್ಟರೆ ಮಾತ್ರ ಕೇಳುತ್ತದೆ. ಹಾಡಿನ ನಡುವೆ ಅಮ್ಮನ ಬಳೆ ಸದ್ದು ಕೇಳಿಸಿತು. ಇಷ್ಟು ದಿನ ಒಂದರಲ್ಲೂ ಅದು ಕೇಳಿಸಿರಲಿಲ್ಲ.

ಆದರೂ ಎರಡು ಮೈಕಿಗೆ ಇಂಟರ್‌ಫೇಸ್ ಬೇಕು, ಲ್ಯಾಪ್‌ಟಾಪೂ ಇನ್ನು ಜಾಸ್ತಿ ದಿನ ಬರುವುದಿಲ್ಲ. ಶನಿವಾರ ಬೆಂಗಳೂರಿಗೆ ಹೋಗಿ ಎಸ್‌.ಪಿ. ರೋಡಿನಲ್ಲಿ 12400 ತರುತ್ತೇನೆ. ರ‍್ಯಾಮಿಗೆ ಎರಡೇ ಸ್ಲಾಟ್ ಇರುವ ಬೋರ್ಡ್ ಆಗುತ್ತದಾ?

ಮೈಸೂರಿನ ವೀಣೆ

ಧಾರಾಳವಾಗಿ ಆಗುತ್ತದೆ. ಪಿಸಿ ಬರುವ ತನಕ ಕಾಯಬೇಡಿ, ಇವತ್ತು ಸಂಜೆಯೂ ಹಾಡಿಸಿ. ಬಳೆ ಸದ್ದು ಅಳಿಸಬೇಡಿ.