ಹಾಸಿಗೆ ಹುಣ್ಣಿನ ಚಿಕಿತ್ಸೆಗೆ ಆಸ್ಪತ್ರೆ ತೆರುವ ನಿಜವಾದ ವೆಚ್ಚವನ್ನು ಲೆಕ್ಕ ಹಾಕುವುದು ಹೇಗೆ?

ಪ್ರಶ್ನೆ: ಆಡಳಿತ ವಿಭಾಗ, ರಾಜಾಜಿನಗರ

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯ ಆಡಳಿತ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ಪಾರ್ಶ್ವವಾಯು ಮತ್ತು ಸೊಂಟದ ಮೂಳೆ ಮುರಿತದ ರೋಗಿಗಳಿಗೆ, ಒಂದೇ ಭಂಗಿಯಲ್ಲಿ ಬಹುಕಾಲ ಮಲಗಿದಾಗ ಒತ್ತಡದಿಂದಾಗುವ ಹಾಸಿಗೆ ಹುಣ್ಣನ್ನು ತಡೆಯಲು, ಗಾಳಿ ತುಂಬಿದ ಏರ್‌ಬೆಡ್‌ಗಳನ್ನು ಕೊಳ್ಳಬೇಕೆಂದು ನರ್ಸಿಂಗ್ ಸೂಪರಿಂಟೆಂಡೆಂಟ್ ಬೇಡಿಕೆ ಸಲ್ಲಿಸಿದ್ದಾರೆ. ಆದರೆ ಹಾಸಿಗೆ ಹುಣ್ಣಿನಿಂದ ಈಗ ನಮಗೆ ಎಷ್ಟು ಖರ್ಚಾಗುತ್ತಿದೆ ಎಂಬುದನ್ನು ತೋರಿಸದ ಹೊರತು ಕಡತ ಮುಂದಕ್ಕೆ ಹೋಗದೆಂದು ಲೆಕ್ಕಪತ್ರ ವಿಭಾಗ ಹೇಳುತ್ತಿದೆ. ಹಳೆಯ ಬಿಲ್ಲುಗಳನ್ನು ತೆಗೆದು ನೋಡಿದರೆ ಈ ಹುಣ್ಣಿನ ಹೆಸರೇ ಎಲ್ಲಿಯೂ ಇಲ್ಲ. ಗಾಜ್, ಆ್ಯಂಟಿಬಯೋಟಿಕ್, ವಾರ್ಡ್ ಶುಲ್ಕ ಎಂದು ಹತ್ತು ಕಡೆ ಹಂಚಿಹೋಗಿದೆ. ಇವನ್ನು ಒಟ್ಟುಗೂಡಿಸುವ ಬಗೆ ಯಾವುದು?

ಉತ್ತರ: ವಾರ್ಡ್ ನರ್ಸ್

ಸಾಮಗ್ರಿಯ ಬೆಲೆಯಿಂದ ಲೆಕ್ಕ ಆರಂಭಿಸಿದರೆ ದಾರಿ ತಪ್ಪುತ್ತೀರಿ. ಚರ್ಮವನ್ನು ದಾಟಿ ಕೊಬ್ಬಿನ ಪದರಕ್ಕೆ ಇಳಿದ ಮೂರನೆಯ ಹಂತದ ಹುಣ್ಣು ಬೆನ್ನಿನ ಕೆಳತುದಿಯಲ್ಲಿದ್ದರೆ, ಒಬ್ಬರು ರೋಗಿಯನ್ನು ಮಗ್ಗುಲಾಗಿ ಹಿಡಿದುಕೊಂಡಿರಬೇಕು, ಇನ್ನೊಬ್ಬರು ಹಳೆಯ ಡ್ರೆಸ್ಸಿಂಗ್ ಬಿಡಿಸಿ, ಸಲೈನ್‌ನಿಂದ ತೊಳೆದು, ಕುಳಿಯ ಆಳವನ್ನು ಅಳೆದು, ತುಂಬಿ ಮುಚ್ಚಬೇಕು; ಅಷ್ಟರಲ್ಲಿ ರೋಗಿಗೆ ಹಾಸಿಗೆಯಲ್ಲೇ ಮಲವಿಸರ್ಜನೆಯಾದರೆ ಮತ್ತೆ ಮೊದಲಿನಿಂದ. ಬಿಲ್ಲಿನಲ್ಲಿ ಇದೆಲ್ಲ ‘ಡ್ರೆಸ್ಸಿಂಗ್’ ಎಂಬ ಒಂದೇ ಸಾಲು. ಆದ್ದರಿಂದ ಕೆಲವು ದಿನ ಪ್ರತಿ ಡ್ರೆಸ್ಸಿಂಗಿಗೆ ಎಷ್ಟು ಜನ, ಎಷ್ಟು ನಿಮಿಷ ಎಂಬುದನ್ನು ಬರೆಸಿ, ಅದನ್ನು ಸಂಬಳದ ದರದಿಂದ ಗುಣಿಸಿ.

ಇನ್ನೊಂದು ಮಾತು: ಏರ್‌ಬೆಡ್ ಬಂದ ಮಾತ್ರಕ್ಕೆ ಮಗ್ಗುಲು ಬದಲಿಸುವ ಕೆಲಸ ತಪ್ಪುವುದಿಲ್ಲ ಎಂಬುದನ್ನೂ ಕಡತದಲ್ಲಿ ದಾಖಲಿಸಿ. ಇಲ್ಲದಿದ್ದರೆ ‘ಹಾಸಿಗೆ ಕೊಟ್ಟೆವಲ್ಲ’ ಎಂದು ರಾತ್ರಿ ಪಾಳಿಯ ಒಬ್ಬರನ್ನು ಕಡಿತಗೊಳಿಸಿಯಾರು.

ಉತ್ತರ: ಆರೋಗ್ಯ ಅರ್ಥಶಾಸ್ತ್ರದ ವಿದ್ಯಾರ್ಥಿ

ಮೇಲಿನ ಮಾತಿಗೆ ಬ್ರಿಟನ್ನಿನಲ್ಲಿ ಆಧಾರವಿದೆ. 2004ರಲ್ಲಿ ಪ್ರಕಟವಾದ ಬೆನೆಟ್ ಮತ್ತು ಸಂಗಡಿಗರ ಅಧ್ಯಯನವು ಚರ್ಮ ಕೆಂಪಾಗಿ ಇನ್ನೂ ಒಡೆಯದ ಮೊದಲ ಹಂತದ ಒಂದು ಹುಣ್ಣಿಗೆ 1,064 ಪೌಂಡ್, ಸ್ನಾಯು, ಮೂಳೆಯವರೆಗೆ ಇಳಿದ ನಾಲ್ಕನೆಯ ಹಂತದ್ದಕ್ಕೆ 10,551 ಪೌಂಡ್ ವೆಚ್ಚವಾಗುತ್ತದೆಂದು ಅಂದಾಜಿಸಿತು. ಇಡೀ ದೇಶದ ಹೊರೆ ವರ್ಷಕ್ಕೆ 140ರಿಂದ 210 ಕೋಟಿ ಪೌಂಡ್, ಅಂದರೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ ಖರ್ಚಿನ ಶೇ. 4ರಷ್ಟು. ಅದರಲ್ಲಿ ಹೆಚ್ಚಿನ ಪಾಲು ದಾದಿಯರ ಸಮಯದ್ದು. ಈ ಕಾರಣಕ್ಕಾಗಿಯೇ ಪೌಂಡನ್ನು ನೇರವಾಗಿ ರೂಪಾಯಿಗೆ ಪರಿವರ್ತಿಸಿ ಕಡತದಲ್ಲಿ ಇಡಬೇಡಿ, ಅಲ್ಲಿನ ಸಂಬಳವೇ ಬೇರೆ. ಹಂತ ಏರಿದಂತೆ ವೆಚ್ಚ ಹತ್ತು ಪಟ್ಟಾಗುವುದಕ್ಕೆ ವಾಸಿಯಾಗಲು ಹಿಡಿಯುವ ಕಾಲ ಮತ್ತು ಸೋಂಕಿನಂತಹ ತೊಡಕುಗಳು ಕಾರಣವಾಗಿದ್ದು, ಅವು ಇಲ್ಲಿಯೂ ಇದ್ದೇ ಇವೆ.

ಆದರೆ ನನ್ನ ದೃಷ್ಟಿಯಲ್ಲಿ ಮುಖ್ಯ ಪ್ರಶ್ನೆ ಖರ್ಚು ಎಷ್ಟೆಂಬುದಲ್ಲ, ಯಾರದ್ದೆಂಬುದು. ಅಮೆರಿಕದಲ್ಲಿ ಮುಖ್ಯವಾಗಿ ವೃದ್ಧರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ಆಸ್ಪತ್ರೆಯಲ್ಲೇ ಉಂಟಾದ ಮೂರು ಮತ್ತು ನಾಲ್ಕನೆಯ ಹಂತದ ಹುಣ್ಣುಗಳಿಗೆ ಹೆಚ್ಚುವರಿ ಹಣ ಕೊಡುವುದನ್ನು 2008ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ನಮ್ಮಲ್ಲಿ ದಿನದ ಲೆಕ್ಕದಲ್ಲಿ ಕೈಯಿಂದ ಹಣ ಕಟ್ಟುವ ರೋಗಿಗೆ ಹುಣ್ಣಾದರೆ ಆಸ್ಪತ್ರೆಗೆ ಆದಾಯವೇ ಹೆಚ್ಚುತ್ತದೆ, ಹೇಳಲು ಮುಜುಗರವಾದರೂ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ನಿಗದಿತ ಮೊತ್ತದ ಪ್ಯಾಕೇಜಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ರೋಗಿ ಹುಣ್ಣಿನಿಂದಾಗಿ ಹೆಚ್ಚು ದಿನ ಉಳಿದರೆ ಆ ದಿನಗಳು ನಿಮ್ಮ ತಲೆಯ ಮೇಲೆ. ಈ ಎರಡು ಗುಂಪುಗಳನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ.

ಉತ್ತರ: ರೋಗಿಯೊಬ್ಬರ ಮಗಳು, ಮಲ್ಲೇಶ್ವರ

ಡಿಸ್ಚಾರ್ಜ್ ಆದ ಮೇಲಿನ ಖರ್ಚು ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಅಮ್ಮನ ಹಿಮ್ಮಡಿಯ ಹುಣ್ಣು ಮನೆಗೂ ಜೊತೆಯಲ್ಲೇ ಬಂದಿತು. ಹೋಮ್ ನರ್ಸ್, ಬಾಡಿಗೆಯ ಏರ್‌ಬೆಡ್, ಡ್ರೆಸ್ಸಿಂಗ್ ಸಾಮಗ್ರಿ ಎಲ್ಲವೂ ನಮ್ಮದೇ. ಆಸ್ಪತ್ರೆಯಲ್ಲಿದ್ದಾಗಲೂ ಡಯಾಪರ್ ಮತ್ತು ಅಟೆಂಡರ್ ಶುಲ್ಕವನ್ನು ವಿಮೆಯವರು ಕೊಡಲಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ವೈದ್ಯಕೀಯ ದಾಖಲೆ ವಿಭಾಗದಲ್ಲಿ ರೋಗಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿಯಾದ ಐಸಿಡಿ-10ರಲ್ಲಿ ಹಾಸಿಗೆ ಹುಣ್ಣಿಗಿರುವ ಎಲ್89 ಸಂಕೇತದಡಿ ಹುಡುಕಿಸಿದೆ. ಬೆರಳೆಣಿಕೆಯ ಹೆಸರುಗಳು ಸಿಕ್ಕವು, ಅವರಲ್ಲಿ ಯಾರು ಮನೆಯಿಂದಲೇ ಹುಣ್ಣು ತಂದವರು ಎಂಬುದು ತಿಳಿಯುತ್ತಿಲ್ಲ.

ಉತ್ತರ: ವಾರ್ಡ್ ನರ್ಸ್

ಹಳೆಯ ದಾಖಲೆಗಳಿಂದ ಅದು ತಿಳಿಯುವುದೂ ಇಲ್ಲ. ದಾಖಲಾದ ದಿನವೇ ಬೆನ್ನು, ಸೊಂಟ, ಹಿಮ್ಮಡಿಗಳ ಚರ್ಮವನ್ನು ನೋಡಿ ಬರೆದು, ಹುಣ್ಣಾಗುವ ಅಪಾಯವನ್ನು ಅಳೆಯುವ ಬ್ರೇಡನ್ ಮಾಪಕದ ಅಂಕ ಹಾಕುವ ಪದ್ಧತಿಯನ್ನು ಈ ತಿಂಗಳಿಂದಲೇ ಆರಂಭಿಸಿ. 6ರಿಂದ 23ರವರೆಗಿನ ಆ ಮಾಪಕದಲ್ಲಿ 18 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಸಾಮಾನ್ಯವಾಗಿ ಅಪಾಯವಿದೆಯೆಂದು ಪರಿಗಣಿಸುತ್ತಾರೆ. ಎಷ್ಟು ಏರ್‌ಬೆಡ್ ಬೇಕೆಂಬ ಸಂಖ್ಯೆಯೂ ಅಲ್ಲಿಂದಲೇ ಸಿಗುತ್ತದೆ.