ಮಲಗಿದ್ದರೂ ಕೊಬ್ಬು ಕರಗುತ್ತಾ?

ಗುಂಪು: ನಮ್ಮನೆ ಮಂದಿ

ಸುರೇಶ ಮಾವ: *20 ನಿಮಿಷ ಹಿಟ್ ವ್ಯಾಯಾಮ (ನಡುನಡುವೆ ಸ್ವಲ್ಪ ಬಿಡುವು ಕೊಟ್ಟು ತುಂಬಾ ಜೋರಾಗಿ ಮಾಡುವುದು) ಮಾಡಿ. ಮುಂದಿನ 48 ಗಂಟೆ, ಮಲಗಿದ್ದರೂ ಕೊಬ್ಬು ಕರಗುತ್ತದೆ!!* ವಿಡಿಯೋ ಪೂರ್ತಿ ನೋಡಿ. ಇದಕ್ಕೆ ಆಫ್ಟರ್‌ಬರ್ನ್ ಅನ್ನುತ್ತಾರಂತೆ.

ಅತ್ತೆ: ಮಲಗಿದ್ದರೂ ಅಂದರೆ ನಾನು ರೆಡಿ 🙋‍♀️

ದಿವ್ಯಾ: ಮಾವ, ಆಫ್ಟರ್‌ಬರ್ನ್ ಸುಳ್ಳಲ್ಲ. ಅದರ ಲೆಕ್ಕ ಸುಳ್ಳು.

ಸುರೇಶ ಮಾವ: ಬಚ್ಚಲ ಒಲೆ ಆರಿದ ಮೇಲೂ ಹಂಡೆ ನೀರು ಬಿಸಿ ಇರುತ್ತದೆ, ಅಲ್ವಾ? ಹಾಗೇ ಇದು.

ದಿವ್ಯಾ: ಬಿಸಿ ಇರುತ್ತದೆ. ಆದರೆ ಆ ಕೆಂಡದಲ್ಲಿ ಇನ್ನೊಂದು ಹಂಡೆ ಕಾಯುವುದಿಲ್ಲ ಮಾವ. ವ್ಯಾಯಾಮ ನಿಂತ ಮೇಲೂ ಸ್ವಲ್ಪ ಹೊತ್ತು ಎದೆ ಬಡಿತ ಜೋರಿರುತ್ತದೆ, ಮೈ ಬಿಸಿ ಇರುತ್ತದೆ, ಉಸಿರು ಜಾಸ್ತಿ ಬೇಕು. ಅದಕ್ಕೆ ತಗಲುವ ಖರ್ಚು ಸಾಮಾನ್ಯವಾಗಿ ವ್ಯಾಯಾಮದ ಖರ್ಚಿನ ಶೇಕಡಾ 6ರಿಂದ 15. 20 ನಿಮಿಷಕ್ಕೆ 200 ಕ್ಯಾಲರಿ ಎಂದಿಟ್ಟುಕೊಳ್ಳಿ. ಆಮೇಲೆ ಸಿಗುವುದು 12ರಿಂದ 30. ಒಂದು ಬಿಸ್ಕತ್ತು.

ಅಪ್ಪ: ಒಂದು ಕಿಲೋ ಕೊಬ್ಬಿಗೆ 7,700 ಕ್ಯಾಲರಿ ಅಂತಾರೆ. ದಿನಕ್ಕೆ 30ರಂತೆ ಎಂಟು ತಿಂಗಳಿಗೂ ಜಾಸ್ತಿ ಆಯ್ತು. (ಬ್ಯಾಂಕಿನಲ್ಲಿದ್ದವನು, ಬಡ್ಡಿ ಲೆಕ್ಕ ಬಿಡುವುದಿಲ್ಲ.)

ಸುರೇಶ ಮಾವ: ತಡಿ. ಅಮೆರಿಕದ ಅಧ್ಯಯನವೇ ಇದೆ. 190 ಕ್ಯಾಲರಿ ಹೆಚ್ಚು ಖರ್ಚಾಯಿತಂತೆ, 14 ಗಂಟೆ!

ದಿವ್ಯಾ: ಇದೆ, 2011ರದ್ದು. ನಮ್ಮ ಕ್ಲಾಸಿನಲ್ಲೂ ಓದಿಸಿದರು. ಹತ್ತು ಜನ ಯುವಕರು, 45 ನಿಮಿಷ ಜೋರಾಗಿ ಸೈಕಲ್ ತುಳಿದರು. ತುಳಿದಾಗಲೇ 519 ಕ್ಯಾಲರಿ ಹೋಯಿತು. ನಿಮ್ಮ ವಿಡಿಯೋದಲ್ಲಿ ಇರುವುದು 20 ನಿಮಿಷ, ಅದರಲ್ಲಿ ಐದು ನಿಮಿಷ ಪ್ರೋಟೀನ್ ಪುಡಿ ಜಾಹೀರಾತು.

ಅತ್ತೆ: 😂😂 ನಾನು ಹೇಳಲಾ? ಇವರು ಕುಕ್ಕರಹಳ್ಳಿ ಕೆರೆ ಸುತ್ತಿ ಬಂದ ಮೇಲೆ ತಿನ್ನುವುದು ಎರಡು ಬೆಣ್ಣೆ ಮಸಾಲೆ. “ಕರಗುತ್ತಿದೆ ಬಿಡು” ಅಂತಾರೆ.

ಸುರೇಶ ಮಾವ: ಅದು ಶನಿವಾರ ಮಾತ್ರ.

ಅತ್ತೆ: ಈ ತಿಂಗಳು ಏಳು ಶನಿವಾರ ಬಂತಾ?

ಸುರೇಶ ಮಾವ: ಹಾಗಾದರೆ ನಡೆಯುವುದೇ ದಂಡ ಅನ್ನು. ಸುಮ್ನೆ ಮಲಗುತ್ತೇನೆ.

ದಿವ್ಯಾ: ಅಯ್ಯೋ, ಹಾಗಂದಿಲ್ಲ. ತೂಕ ಇಳಿಯುವುದು ಹೆಚ್ಚಾಗಿ ತಟ್ಟೆಯಿಂದ. ಆದರೆ ಇಳಿದ ತೂಕ ಮತ್ತೆ ಏರದಂತೆ ಹಿಡಿಯಲು ವ್ಯಾಯಾಮ ಬೇಕು. ನಿಮಗಂತೂ ಸಕ್ಕರೆ ಇದೆ. ನಡೆದ ಮೇಲೆ ಒಂದು ದಿನದವರೆಗೂ ಮಾಂಸಖಂಡ ರಕ್ತದ ಸಕ್ಕರೆಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ವಿಡಿಯೋದವರು ಹೇಳಬೇಕಿದ್ದ “ಆಮೇಲಿನ ಲಾಭ” ಇದು.

ಸುರೇಶ ಮಾವ: ಅದಕ್ಕೇ ಫಾಸ್ಟಿಂಗ್ 168 ಇದ್ದದ್ದು 141ಕ್ಕೆ ಬಂತಾ!

ಅಪ್ಪ: ಮತ್ತೆ ತೂಕ?

ಸುರೇಶ ಮಾವ: ಸಕ್ಕರೆ ವಿಷಯ ಮಾತಾಡ್ತಿದ್ದೀವಿ ಭಾವ.

ಅತ್ತೆ: ನಾಳೆ ಬೆಳಿಗ್ಗೆ 6ಕ್ಕೆ ಕೆರೆ ಗೇಟು. ಪರ್ಸ್ ನನ್ನ ಹತ್ತಿರ ಇರುತ್ತದೆ.